ರಾಯಚೂರು ಕೋಟೆ ಬಿದ್ದದ್ದು ಗೋಡೆಯ ಬುಡದಲ್ಲೋ, ಕೃಷ್ಣೆಯ ದಂಡೆಯಲ್ಲೋ?

ಕೃಷ್ಣಾತೀರ:

ತಾಳಿಕೋಟೆ ಕದನದ ಚರ್ಚೆಯಲ್ಲಿ ಯಾರೋ ‘1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಯನ್ನು ಒಡೆದು ಗೆದ್ದ’ ಎಂದು ಬರೆದಿದ್ದರು. ಅಲ್ಲಿಯೇ ಉತ್ತರಿಸಿದರೆ ಚರ್ಚೆ ಹಳಿ ತಪ್ಪುತ್ತದೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ನನ್ನ ವಾದ ಇಷ್ಟು: ರಾಯಚೂರು ಉತ್ತರದ ಸುಲ್ತಾನರಿಗೂ ವಿಜಯನಗರಕ್ಕೂ ನಡುವೆ ಹಲವು ಸಲ ಕೈ ಬದಲಾಯಿಸಿತು ನಿಜ. ಆದರೆ ಅದರ ಹಣೆಬರಹ ತೀರ್ಮಾನವಾದದ್ದು ಗೋಡೆಯಿಂದ ದೂರದಲ್ಲಿ. ಒಳಗಿದ್ದವರನ್ನು ಬಿಡಿಸಿಕೊಳ್ಳಲು ಬರಬೇಕಾದ ಸೈನ್ಯ ಸೋತಾಗ ಅಥವಾ ಹೊರಡದೇ ಹೋದಾಗ ಕೋಟೆ ಬಿತ್ತು. ಆ ಸೈನ್ಯ ಬಂದು ನಿಂತಾಗ ಕೋಟೆ ಉಳಿಯಿತು.

1520ರ ವಿವರ ನಮಗೆ ಹೆಚ್ಚಾಗಿ ಸಿಗುವುದು ನ್ಯೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿಯಿಂದ. ಅವನು ಬರೆದದ್ದು 1530ರ ದಶಕದ ನಡುಭಾಗದಲ್ಲಿ. ಜಗಳ ಹತ್ತಿದ್ದು ಕುದುರೆಯ ದುಡ್ಡಿನಿಂದ ಎನ್ನುತ್ತಾನೆ: ಗೋವೆಯಲ್ಲಿ ಕುದುರೆ ಕೊಳ್ಳಲೆಂದು ರಾಯ ಸೈಯದ್ ಮರಕ್ಕಾರ್ ಎಂಬುವನ ಕೈಗೆ 40,000 ವರಹ ಕೊಟ್ಟು ಕಳುಹಿಸಿದ, ಅವನು ದುಡ್ಡಿನ ಸಮೇತ ಬಿಜಾಪುರದ ಆದಿಲ್ ಶಾಹಿಯ ಆಶ್ರಯ ಸೇರಿದ, ಕೇಳಿದರೆ ಬಿಜಾಪುರದವರು ಒಪ್ಪಿಸಲಿಲ್ಲ. ಕುದುರೆ ವ್ಯಾಪಾರಿಗೆ ಯುದ್ಧದ ಕಾರಣವೂ ಕುದುರೆಯಲ್ಲೇ ಕಂಡಿದ್ದರೆ ಆಶ್ಚರ್ಯವಿಲ್ಲ.

ಕೋಟೆಯ ಬಗ್ಗೆ ಅವನು ಹೇಳುವುದನ್ನು ಗಮನಿಸಿ. ಗಾರೆಯಿಲ್ಲದೆ ಕಟ್ಟಿದ ಭಾರೀ ಕಲ್ಲಿನ ಮೂರು ಸುತ್ತಿನ ಗೋಡೆ, ಒಳಗೆ ಮಣ್ಣು ತುಂಬಿ ಗಟ್ಟಿ ಮಾಡಿದ್ದು. ಒಂದು ಬುರುಜಿನಲ್ಲಿ ಆಡಿದ ಮಾತು ಪಕ್ಕದ ಬುರುಜಿಗೆ ಕೇಳಿಸುವಷ್ಟು ಹತ್ತಿರ ಬುರುಜುಗಳು. ನಡುವೆ ಗುಡ್ಡ, ಗುಡ್ಡದ ಮೇಲೆ ವರ್ಷವಿಡೀ ಬತ್ತದ ನೀರಿನ ಸೆಲೆ. ಒಳಗೆ 8,000 ಸೈನಿಕರು, 400 ಕುದುರೆ, 20 ಆನೆ, ಕಲ್ಲೆಸೆಯುವ 30 ಯಂತ್ರ, 200 ದೊಡ್ಡ ಫಿರಂಗಿ. ಐದು ವರ್ಷಕ್ಕಾಗುವಷ್ಟು ದವಸ. ರಾಯನ ಸೈನ್ಯ ಪೂರ್ವ ದಿಕ್ಕಿನಲ್ಲಿ ಬೀಡುಬಿಟ್ಟು ಮೂರು ತಿಂಗಳು ಇದನ್ನು ಬಡಿಯಿತು. ಬಡಿದದ್ದು ಹಾರೆ, ಗುದ್ದಲಿಗಳಿಂದ. ಸೈನಿಕರು ಗೋಡೆಯ ಬುಡಕ್ಕೆ ಓಡಿ ಕಲ್ಲು ಕಿತ್ತು ತರಬೇಕು. ದಳಪತಿಗಳು ಕಲ್ಲಿನ ಗಾತ್ರ ನೋಡಿ ಹತ್ತು, ಇಪ್ಪತ್ತು, ದೊಡ್ಡದಾದರೆ ಐವತ್ತು ಹಣದವರೆಗೂ (ಚಿನ್ನದ ಸಣ್ಣ ನಾಣ್ಯ) ಎಣಿಸಿ ಕೊಡುತ್ತಿದ್ದರು. ಮೇಲಿನಿಂದ ಬಾಣ, ಗುಂಡು, ಕಲ್ಲಿನ ಮಳೆ. ಬುಡದಲ್ಲಿ ಸತ್ತವರ ರಾಶಿ.

ಇಷ್ಟಾದರೂ ಕೋಟೆ ಬೀಳಲಿಲ್ಲ. ಆಮೇಲೆ ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾ ಕೃಷ್ಣೆಯನ್ನು ದಾಟಿ ಬಂದ. 1520ರ ಮೇ 19, ಶನಿವಾರ, ಬಯಲಿನಲ್ಲಿ ಸೋತ. ಕೋಟೆ ರಾಯನ ಕೈಗೆ ಬಂದದ್ದು ಅದರ ನಂತರ. ಒಪ್ಪದವರು ಬರೆಯಿರಿ.

ಮದ್ದುಗುಂಡು:

ಒಪ್ಪುವುದಿಲ್ಲ. ‘ಅದರ ನಂತರ’ ಎಂಬ ಎರಡು ಪದಗಳಲ್ಲಿ ನೀವು ಕಥೆಯ ಮುಖ್ಯ ಭಾಗವನ್ನೇ ನುಂಗಿ ನೀರು ಕುಡಿದಿದ್ದೀರಿ. ಇಸ್ಮಾಯಿಲ್ ಸೋತು ಓಡಿದ ದಿನ ಕೋಟೆಯ ಬಾಗಿಲು ತೆರೆಯಿತೇ? ಇಲ್ಲ. ರಾಯ ಮತ್ತೆ ಬಂದು ಮುತ್ತಿಗೆ ಮುಂದುವರಿಸಬೇಕಾಯಿತು. ಒಳಗಿದ್ದವರು ಮತ್ತೆ ಕಾದಾಡಿದರು.

ಕೋಟೆ ಬಿದ್ದದ್ದು ಕೋವಿಯಿಂದ. ಆ ಹೊತ್ತಿಗೆ ಕುದುರೆ ಮಾರಲು ಬಂದಿದ್ದ ಕ್ರಿಸ್ತೊವಾವ್ ದ ಫಿಗೈರೆದೊ ಎಂಬ ಪೋರ್ಚುಗೀಸನ ಜೊತೆ 20 ಮಂದಿ ಕೋವಿಕಾರರಿದ್ದರು. ಅವನು ರಾಯನ ಅಪ್ಪಣೆ ಪಡೆದು ಗೋಡೆಯ ಹತ್ತಿರ ಹೋದ. ಒಳಗಿದ್ದವರಿಗೆ ಕೋವಿಯ ಗುರಿಯ ಅಂದಾಜು ಇರಲಿಲ್ಲ, ಅಭ್ಯಾಸಬಲದಿಂದ ಗೋಡೆಯ ಮೇಲಂಚಿನ ತೆನೆಯ ಮೇಲೆ ಎದೆಯುದ್ದ ಎದ್ದು ನಿಲ್ಲುತ್ತಿದ್ದರು. ಒಬ್ಬೊಬ್ಬರಾಗಿ ಉರುಳಿದರು. ಮೇಲಿನವರು ತಲೆ ಮರೆಸಿಕೊಂಡೊಡನೆ ಕೆಳಗಿನವರು ನೆಮ್ಮದಿಯಿಂದ ಗೋಡೆ ಕೀಳತೊಡಗಿದರು. ಕೊನೆಗೆ ಕಿಲ್ಲೇದಾರನೇ ಬಂದು, ಈ ಫಿಗೈರೆದೊ ಎಲ್ಲಿ ನಿಂತಿದ್ದಾನೆಂದು ನೋಡಲು ಗೋಡೆಯಾಚೆ ಬಾಗಿದ. ಗುಂಡು ಹಣೆಯ ನಡುವೆ ಹೊಕ್ಕಿತು. ಮಾರನೆಯ ದಿನ ಬಿಳಿ ಬಾವುಟ.

ಇದನ್ನು ಹೇಳುವವನೂ ನಿಮ್ಮ ನ್ಯೂನಿಜ್ಜನೇ. ಅರ್ಧ ನಂಬಿ ಅರ್ಧ ಬಿಡುವುದು ಹೇಗೆ?

ಕೃಷ್ಣಾತೀರ:

ಅವನು ಪೋರ್ಚುಗೀಸ್ ಓದುಗರಿಗೆ ಬರೆದವನು. ತನ್ನವರ 20 ಕೋವಿಗಳು ರಾಜ್ಯ ಗೆದ್ದುಕೊಟ್ಟವು ಎಂದರೆ ಲಿಸ್ಬನ್‌ನಲ್ಲಿ ಕೇಳಲು ಹಿತವಾಗಿರುತ್ತದೆ. ಹಣೆಯ ನಡುವಿನ ಗುಂಡು ನಿಜವೇ ಇರಬಹುದು, ಅದಕ್ಕೆ ನನ್ನ ತಕರಾರಿಲ್ಲ. ಕಿಲ್ಲೇದಾರ ಸತ್ತರೂ ಒಳಗೆ ಸಾವಿರಾರು ಸೈನಿಕರು ಉಳಿದಿದ್ದರಲ್ಲ, ಬತ್ತದ ಸೆಲೆಯೂ ದವಸವೂ ಇದ್ದವಲ್ಲ? ಮೇ ತಿಂಗಳ ಆರಂಭದಲ್ಲಿ ಅವನು ಸತ್ತಿದ್ದರೆ ಇನ್ನೊಬ್ಬ ಅವನ ಜಾಗಕ್ಕೆ ಬರುತ್ತಿದ್ದ, ಏಕೆಂದರೆ ಸುಲ್ತಾನ ದಂಡೆತ್ತಿ ಬರುತ್ತಿದ್ದಾನೆ ಎಂಬ ಸುದ್ದಿ ಇತ್ತು. ಅವನು ಸತ್ತದ್ದು ಸುಲ್ತಾನ ಆನೆಯೇರಿ ಓಡಿಹೋದ ಮೇಲೆ. ಯಾರಿಗಾಗಿ ಹಿಡಿದಿಟ್ಟುಕೊಳ್ಳಬೇಕು?

ಪೋರ್ಚುಗೀಸರು ಎರಡೂ ಕಡೆ ಇದ್ದರು ಎಂಬುದನ್ನೂ ಮರೆಯಬೇಡಿ. ಬಿಜಾಪುರದ ಸೇನಾನಿ ಸಲಾಬತ್ ಖಾನನ ಬೆಂಗಾವಲಿಗೆ, ತಮ್ಮ ದೊರೆಯನ್ನು ಬಿಟ್ಟು ಬಂದ 500 ಪೋರ್ಚುಗೀಸರಿದ್ದರು ಎಂದು ಅದೇ ನ್ಯೂನಿಜ್ ಬರೆಯುತ್ತಾನೆ. ಬಿಳಿಯರ ಕೋವಿ ಗೆಲ್ಲಿಸುವುದಾದರೆ 500 ಇದ್ದ ಕಡೆ ಗೆಲ್ಲಬೇಕಿತ್ತು.

ಶಾಸನದ ಬೆನ್ನುಹತ್ತಿದವ:

ಇಬ್ಬರೂ ಸ್ವಲ್ಪ ತಾಳಿ. ಯಾವ ಗೋಡೆಯ ಬಗ್ಗೆ ಜಗಳವಾಡುತ್ತಿದ್ದೀರಿ ಎಂದು ಮೊದಲು ತಿಳಿಯಲಿ.

ಇಂದು ರಾಯಚೂರಿಗೆ ಹೋದರೆ ಕಾಣುವುದು ಎರಡು ಸುತ್ತು. ಒಳಗಿನದು ದೊಡ್ಡ ದೊಡ್ಡ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಕೂಡಿಸಿ ಕಟ್ಟಿದ್ದು, ಕಾಕತೀಯರ ಕಾಲದ್ದು. ಹೊರಗಿನದು ಬಿಜಾಪುರದ ಒಂದನೇ ಇಬ್ರಾಹಿಂ ಆದಿಲ್ ಶಾನ ಕಾಲದ್ದು, 1549ರ ಸುಮಾರಿನದು. ಅಂದರೆ ನೀವಿಬ್ಬರೂ ಹೇಳುತ್ತಿರುವ ಮುತ್ತಿಗೆ ನಡೆದು ಮೂರು ದಶಕ ಕಳೆದ ಮೇಲೆ ಕಟ್ಟಿದ್ದು. ಹೊರಗೋಡೆಯ ಮುಂದೆ ನಿಂತು ‘ಇಲ್ಲೇ ಕೃಷ್ಣದೇವರಾಯನ ಸೈನಿಕರು ಕಲ್ಲು ಕಿತ್ತರು’ ಎಂದು ಫೋಟೊ ಹಾಕುವವರು ದಯವಿಟ್ಟು ಇದನ್ನು ಓದಬೇಕು.

ಒಳಗೋಡೆಯ ಪಶ್ಚಿಮ ಭಾಗದಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ 1294ರ ತೆಲುಗು ಶಾಸನ. ಕಾಕತೀಯರ ಕಡೆಯ ಗನ್ನಯ ರೆಡ್ಡಿಯ ದಂಡನಾಯಕ ವಿಠಲನಾಥ ಆದವಾನಿ, ತುಂಬಳ, ಮಾನುವೆ, ಹಾಲುವೆ ಕೋಟೆಗಳನ್ನು ಹಿಡಿದು, ಆಮೇಲೆ ರಾಯಚೂರಿಗೆ ಬಂದು ಈ ಕೋಟೆಯನ್ನು ಕಟ್ಟಿಸಿದ ಎಂಬ ಒಕ್ಕಣೆ. ಅಕ್ಷರಕ್ಕಿಂತ ಸೊಗಸಾದದ್ದು ಪಕ್ಕದ ಗೀರುಚಿತ್ರ. ಆ ಕಲ್ಲನ್ನೇ ಗಣಿಯಿಂದ ತಂದ ಬಗೆಯನ್ನು ಅದರ ಮೈಮೇಲೆಯೇ ಕೆತ್ತಿದ್ದಾರೆ. ಅಚ್ಚುಗಾಲಿಯ ಉದ್ದನೆಯ ಬಂಡಿ, ಅದಕ್ಕೆ ಕಟ್ಟಿದ ಕೋಣಗಳ ಸಾಲು, ಹೊಡೆದುಕೊಂಡು ಹೋಗುವ ಆಳುಗಳು, ಹಿಂದಿನಿಂದ ಸನ್ನೆಗೋಲು ಕೊಟ್ಟು ಗಾಲಿ ಎತ್ತುವವರು. ಇಷ್ಟು ದೊಡ್ಡ ಕಲ್ಲುಗಳಿಗೆ ಐವತ್ತು ಹಣ ಕೊಟ್ಟಿದ್ದರೆ ಅದೇನು ದೊಡ್ಡ ಮಾತಲ್ಲ.

ಇನ್ನೊಂದು. ‘ಕೃಷ್ಣದೇವರಾಯ 1512ರಲ್ಲೇ ರಾಯಚೂರನ್ನು ಗೆದ್ದಿದ್ದ, 1520ರದು ಎರಡನೆಯ ಸಲ’ ಎಂದು ಕೆಲವು ಪಠ್ಯಗಳಲ್ಲಿದೆ. ಊರಿನ ಏಕ್ ಮಿನಾರ್ ಮಸೀದಿಯ ಪಾರಸಿ ಶಾಸನ ಹಿಜರಿ 919ರದು, ಅಂದರೆ 1513. ಅದರಲ್ಲಿರುವುದು ಬಹಮನಿ ಸುಲ್ತಾನ ಮಹಮೂದ್ ಶಾನ ಹೆಸರು. 65 ಅಡಿ ಎತ್ತರದ ಒಂಟಿ ಮಿನಾರು ಕಟ್ಟಿ ಬಹಮನಿ ಸುಲ್ತಾನನ ಹೆಸರು ಕೆತ್ತಿಸುವಷ್ಟು ನೆಮ್ಮದಿ ಆ ವರ್ಷ ಊರಿನಲ್ಲಿದ್ದರೆ, ಹಿಂದಿನ ವರ್ಷ ಅದು ವಿಜಯನಗರದ ಪಾಲಾಗಿತ್ತು ಎಂದು ನಂಬುವುದು ನನಗೆ ಕಷ್ಟ.

ಹಂಪಿಯ ಹಾದಿ:

1513ರ ಶಾಸನ ಸಾಕ್ಷ್ಯವೇ, ಆದರೆ ಪೂರ್ತಿ ಸಾಕ್ಷ್ಯವಲ್ಲ. ಗೆದ್ದು, ಕೆಲವೇ ತಿಂಗಳು ಇಟ್ಟುಕೊಂಡು, ಕಳೆದುಕೊಂಡಿರಬಹುದಲ್ಲ? ರಾಯಚೂರಿನ ಚರಿತ್ರೆಯಲ್ಲಿ ಅಂಥದ್ದು ಹೊಸದೇನಲ್ಲ.

ಶಾಸನದ ಬೆನ್ನುಹತ್ತಿದವ:

ಇರಬಹುದು. ಗೆದ್ದ ರಾಜ ಅದನ್ನು ಎಲ್ಲಿಯೂ ಕೆತ್ತಿಸದೆ ಸುಮ್ಮನಿದ್ದ ಎಂದೂ ಒಪ್ಪಬೇಕಾಗುತ್ತದೆ. ಉದಯಗಿರಿ, ಕೊಂಡವೀಡು ಗೆದ್ದಾಗ ಅವನು ಸುಮ್ಮನಿರಲಿಲ್ಲ.

ಸಿಂಧನೂರಿನವಳು:

ನನ್ನದು ಬೇರೆ ತಕರಾರು. ಪ್ರತಿಯೊಂದು ಪುಸ್ತಕದಲ್ಲೂ ‘ಫಲವತ್ತಾದ ರಾಯಚೂರು ದೋಆಬಿಗಾಗಿ (ಕೃಷ್ಣೆ, ತುಂಗಭದ್ರೆಯರ ನಡುವಿನ ನಾಡು) ಎರಡು ರಾಜ್ಯಗಳು ಹೊಡೆದಾಡಿದವು’ ಎಂದಿರುತ್ತದೆ. ಬರೆದವರು ಏಪ್ರಿಲ್‌ನಲ್ಲಿ ಒಮ್ಮೆ ಇಲ್ಲಿಗೆ ಬಂದು ನೋಡಬೇಕು. ಈಗ ನಮ್ಮ ಕಡೆ ಭತ್ತದ ಗದ್ದೆ ಕಾಣುವುದು ತುಂಗಭದ್ರಾ ಎಡದಂಡೆ ಕಾಲುವೆಯ ಪುಣ್ಯ, 1950ರ ದಶಕದಿಂದ ಈಚಿನ ಮಾತು. ಅದಕ್ಕೆ ಮೊದಲು ಇದು ಮಳೆಯನ್ನು ನಂಬಿದ ಎರೆಭೂಮಿ. ಜೋಳ, ಹತ್ತಿ. ಮಳೆ ಕೈಕೊಟ್ಟರೆ ಗುಳೆ. ಎರಡು ನದಿಗಳ ನಡುವೆ ಇದ್ದ ಮಾತ್ರಕ್ಕೆ ನೀರು ತಾನಾಗಿ ಹೊಲಕ್ಕೆ ಹತ್ತುವುದಿಲ್ಲ, ನದಿ ತಗ್ಗಿನಲ್ಲಿ ಹರಿಯುತ್ತದೆ.

ಹೊಡೆದಾಟ ಬೆಳೆಗಾಗಿ ಅಲ್ಲ, ಹೆಜ್ಜೆಯೂರುವ ಜಾಗಕ್ಕಾಗಿ ಎಂದು ನನಗನ್ನಿಸುತ್ತದೆ. ರಾಯಚೂರು, ಮುದಗಲ್ಲು ಕೋಟೆಗಳು ಉತ್ತರದವರ ಕೈಯಲ್ಲಿದ್ದರೆ ಅವರ ಕುದುರೆಗಳು ತುಂಗಭದ್ರೆಯ ದಂಡೆಯಲ್ಲಿ ನೀರು ಕುಡಿಯುತ್ತವೆ, ಆಚೆ ದಡದಲ್ಲೇ ವಿಜಯನಗರ. ದಕ್ಷಿಣದವರ ಕೈಯಲ್ಲಿದ್ದರೆ ಕೃಷ್ಣೆ ದಾಟುವುದೊಂದೇ ಬಾಕಿ. ಯಾರ ರಾಜಧಾನಿಯ ಬಾಗಿಲಲ್ಲಿ ಯಾರು ನಿಲ್ಲಬೇಕು ಎಂಬುದಷ್ಟೇ ಪ್ರಶ್ನೆ.

ಕೃಷ್ಣಾತೀರ:

ಮೇಡಂ, ಇದು ನನ್ನ ವಾದಕ್ಕೂ ಬಲ ಕೊಡುತ್ತದೆ. ಹೆಜ್ಜೆಯೂರುವ ಜಾಗವಾದ್ದರಿಂದಲೇ ಕೋಟೆಗೆ ಮುತ್ತಿಗೆ ಬಿದ್ದರೆ ಬಿಡಿಸಲು ದೊರೆ ತಾನೇ ಹೊರಡಬೇಕಾಗುತ್ತಿತ್ತು, ಸುಮ್ಮನೆ ಕೂರುವಂತಿರಲಿಲ್ಲ. 1443ರಲ್ಲಿ ವಿಜಯನಗರದ ಇಮ್ಮಡಿ ದೇವರಾಯ ತುಂಗಭದ್ರೆ ದಾಟಿ ಮುದಗಲ್ಲು ಹಿಡಿದು, ರಾಯಚೂರಿಗೂ ಬಂಕಾಪುರಕ್ಕೂ ಮಕ್ಕಳನ್ನು ಮುತ್ತಿಗೆಗೆ ಕಳುಹಿಸಿದ ಎಂದು ಬಿಜಾಪುರದ ಆಸ್ಥಾನದ ಇತಿಹಾಸಕಾರ ಫೆರಿಸ್ತಾ ಬರೆಯುತ್ತಾನೆ. ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹಮದ್ ಶಾ ಕೂಡಲೇ ಸೈನ್ಯ ಕಳುಹಿಸಿದ, ಎರಡು ತಿಂಗಳಲ್ಲಿ ಮೂರು ಕದನಗಳಾದವು, ಕೊನೆಗೆ ಸಂಧಿ. ರಾಯಚೂರು ಬಹಮನಿಗಳಲ್ಲೇ ಉಳಿಯಿತು. ಬಿಡಿಸುವವರು ಬಂದರು, ಕೋಟೆ ಉಳಿಯಿತು.

ಈಗ 1530ಕ್ಕೆ ಬನ್ನಿ. ಕೃಷ್ಣದೇವರಾಯ ತೀರಿಕೊಂಡಿದ್ದಾನೆ, ವಿಜಯನಗರದಲ್ಲಿ ಅಚ್ಯುತರಾಯನಿಗೆ ಸಿಂಹಾಸನವನ್ನೇ ಗಟ್ಟಿಮಾಡಿಕೊಳ್ಳುವ ಚಿಂತೆ. ಅದೇ ಇಸ್ಮಾಯಿಲ್, ಹತ್ತು ವರ್ಷ ಹಿಂದೆ ಸೋತು ಓಡಿದವನು, ಬಂದು ರಾಯಚೂರನ್ನೂ ಮುದಗಲ್ಲನ್ನೂ ಹಿಂದಕ್ಕೆ ಪಡೆದ. ದಕ್ಷಿಣದಿಂದ ಯಾರೂ ಬರಲಿಲ್ಲ.

ಲೆಕ್ಕದ ಮೇಷ್ಟ್ರು:

ನಾನು ನಿವೃತ್ತ ಗಣಿತ ಶಿಕ್ಷಕ, ಚರಿತ್ರೆಯ ಪಂಡಿತನಲ್ಲ. ನ್ಯೂನಿಜ್ 1520ರ ದಂಡಯಾತ್ರೆಗೆ ಕೊಡುವ ಅಂಕಿ 7,03,000 ಕಾಲಾಳು, 32,600 ಕುದುರೆ, 551 ಆನೆ. ಇದನ್ನು ಕಣ್ಣು ಮುಚ್ಚಿ ನಂಬುವವರಿಗಾಗಿ ಒಂದು ಲೆಕ್ಕ. ತಲೆಗೆ ದಿನಕ್ಕೆ ಅರ್ಧ ಕಿಲೋ ಧಾನ್ಯ ಎಂದರೂ ಕಾಲಾಳುಗಳಿಗೇ ಮೂರೂವರೆ ಲಕ್ಷ ಕಿಲೋ. ಒಂದು ಹೇರೆತ್ತು ನೂರು ಕಿಲೋ ಹೊರುತ್ತದೆ ಎಂದಿಟ್ಟುಕೊಳ್ಳಿ. ದಿನವೂ ಮೂರೂವರೆ ಸಾವಿರ ಎತ್ತು ಬೀಡಿಗೆ ಬಂದು ಇಳಿಸಿ ಹೋಗಬೇಕು. ಎತ್ತಿಗೂ ಮೇವು ಬೇಕು. ಕುದುರೆಯ ಹುರುಳಿ, ಆನೆಯ ಮೇವು ಇನ್ನೂ ಸೇರಿಸಿಲ್ಲ. ಮೂರು ತಿಂಗಳು, ಅದೂ ಬೇಸಿಗೆ, ಅದೂ ಸಿಂಧನೂರಿನವರು ಈಗ ತಾನೇ ಬಣ್ಣಿಸಿದ ಒಣನೆಲದಲ್ಲಿ.

ಅಂಕಿಯಲ್ಲಿ ಒಂದು ಸೊನ್ನೆ ತೆಗೆದರೆ ನನಗೆ ನಿದ್ದೆ ಬರುತ್ತದೆ.

ಹಂಪಿಯ ಹಾದಿ:

ಮೇಷ್ಟ್ರೇ, ಸೊನ್ನೆ ತೆಗೆಯಿರಿ, ಆದರೆ ಅದೇ ನ್ಯೂನಿಜ್ ಹೇಳುವ ವ್ಯವಸ್ಥೆಯನ್ನು ತೆಗೆಯಬೇಡಿ. ದಾರಿಯಲ್ಲಿ ಸೈನಿಕರು ಬಾಯಾರಿ ಸಾಯದಿರಲೆಂದು ಚರ್ಮದ ಚೀಲಗಳಲ್ಲಿ ನೀರು ಹೊತ್ತ 12,000 ಜನರನ್ನು ಹಾದಿಯುದ್ದಕ್ಕೂ ನಿಲ್ಲಿಸಿದ್ದರಂತೆ. ಮೊಣಕಾಲಿಗಿಂತ ಕೆಳಗೆ ನೀರಿದ್ದ ಹೊಳೆಯೊಂದನ್ನು ಸೈನ್ಯ ದಾಟುವಷ್ಟರಲ್ಲಿ ಮುಂದಿನವರು ಎಲ್ಲ ನೀರನ್ನೂ ಕುಡಿದು ಮುಗಿಸಿ, ಹಿಂದಿನವರು ಮರಳಿನಲ್ಲಿ ಗುಂಡಿ ತೋಡಬೇಕಾಯಿತಂತೆ. ರಾಯಚೂರಿನ ಬೀಡಿನ ಸುತ್ತ ಮುಳ್ಳಿನ ಬೇಲಿ, ಒಳಗೆ ಸಾಲುಬೀದಿ, ಅಂಗಡಿ, ಕುಶಲಕರ್ಮಿಗಳು, ಅಗಸರು, ಒಡವೆ ವ್ಯಾಪಾರಿಗಳು. ದಂಡಿನ ಬೀಡಿನಲ್ಲಿ ಕುಳಿತು ಮುತ್ತು, ವಜ್ರ ಕೊಳ್ಳುವವರಿದ್ದರು ಎಂದರೆ ಧಾನ್ಯಕ್ಕೆ ಕೊರತೆ ಇರಲಿಲ್ಲ ಎಂದೇ ಅರ್ಥ. ವ್ಯಾಪಾರಿಗಳು ಲಾಭ ಕಂಡ ಕಡೆ ಹೇರೆತ್ತು ತಾನಾಗಿ ಬರುತ್ತದೆ.

ಲೆಕ್ಕದ ಮೇಷ್ಟ್ರು:

ಒಪ್ಪಿದೆ. ಸೊನ್ನೆಯ ವಿಷಯದಲ್ಲಿ ಮಾತ್ರ ರಾಜಿಯಿಲ್ಲ.

ಮಸ್ಕಿ ಮಳೆ:

ಮುದಗಲ್ಲಿನ ಅಕ್ಕಸಾಲಿಗನ ಮಗಳ ಕಥೆಯನ್ನು ಯಾರೂ ಹೇಳಲಿಲ್ಲವಲ್ಲ? ಬಹಮನಿಗಳಿಗೂ ವಿಜಯನಗರಕ್ಕೂ 1406ರಲ್ಲಿ ಯುದ್ಧ ನಡೆದದ್ದು ಅವಳಿಗಾಗಿಯೇ.

ಶಾಸನದ ಬೆನ್ನುಹತ್ತಿದವ:

ಅದು ಫೆರಿಸ್ತಾ ಹೇಳುವ ಕಥೆ. ಎರಡು ಶತಮಾನ ಕಳೆದ ಮೇಲೆ, ಬಿಜಾಪುರದ ಆಸ್ಥಾನದಲ್ಲಿ ಕುಳಿತು. ರಾಜರು ಗಡಿಗಾಗಿ ಹೊಡೆದಾಡುತ್ತಾರೆ, ಕಥೆ ಹೇಳುವವರು ಒಬ್ಬಳು ಹುಡುಗಿಯನ್ನು ಹುಡುಕಿ ತರುತ್ತಾರೆ. ಇಲ್ಲಿಗೆ ಬಿಡೋಣ.

ಮದ್ದುಗುಂಡು:

ಮತ್ತೆ ವಿಷಯಕ್ಕೆ. ಬಯಲಿನ ಕದನವನ್ನು ‘ಇಸ್ಮಾಯಿಲ್ ಸೋತ’ ಎಂದು ಒಂದು ಸಾಲಿನಲ್ಲಿ ಮುಗಿಸಿದ್ದೀರಿ, ಅದು ಹಾಗೆ ಮುಗಿಯುವಂಥದ್ದಲ್ಲ. ಶುಕ್ರವಾರವೇ ಕದನವಾಗಬೇಕಿತ್ತು. ದಿನ ಒಳ್ಳೆಯದಲ್ಲ ಎಂದು ರಾಯನ ಕಡೆಯವರು ಶನಿವಾರಕ್ಕೆ ಮುಂದೂಡಿದರು. ಬೆಳಗ್ಗೆ ವಿಜಯನಗರದ ಮುಂಚೂಣಿ ಮೇಲೆ ಬಿದ್ದಾಗ ಬಿಜಾಪುರದವರು ಸಾಲುಗಟ್ಟಿ ಇಟ್ಟಿದ್ದ ಫಿರಂಗಿಗಳನ್ನೆಲ್ಲ ಒಟ್ಟಿಗೆ ಹಾರಿಸಿದರು. ಮುಂಚೂಣಿ ಒಡೆದು ಚೆಲ್ಲಾಪಿಲ್ಲಿಯಾಯಿತು. ಆಗ ರಾಯ ಬೆರಳಿನ ಉಂಗುರವನ್ನು ಕಿತ್ತು ಸೇವಕನ ಕೈಗೆ ಕೊಟ್ಟ. ನಾನು ಸತ್ತರೆ ಇದನ್ನು ರಾಣಿಯರಿಗೆ ತೋರಿಸು, ಅವರು ಸಹಗಮನ ಮಾಡಲಿ ಎಂದು. ಕುದುರೆಯೇರಿ ಎರಡನೆಯ ಸಾಲಿನೊಂದಿಗೆ ನುಗ್ಗಿದ.

ಇಲ್ಲಿ ಗಮನಿಸಬೇಕಾದದ್ದು ರಾಯನ ಧೈರ್ಯವೊಂದೇ ಅಲ್ಲ. ಬಿಜಾಪುರದ ಕುದುರೆ ಸವಾರರು ಓಡುವವರನ್ನು ಅಟ್ಟಿಸಿಕೊಂಡು ತಮ್ಮ ಫಿರಂಗಿಗಳನ್ನು ಹಿಂದೆ ಬಿಟ್ಟು ಮುಂದೆ ಬಂದಿದ್ದರು. ಒಮ್ಮೆ ಹಾರಿಸಿದ ಭಾರೀ ಫಿರಂಗಿಯನ್ನು ಮತ್ತೆ ತುಂಬಲು ಹೊತ್ತು ಬೇಕು, ಮುಂದೆ ತಮ್ಮವರೇ ಇರುವಾಗ ಹಾರಿಸುವಂತೆಯೂ ಇಲ್ಲ. ಎದುರೇಟು ಬಿದ್ದದ್ದು ಸರಿಯಾಗಿ ಆ ಹೊತ್ತಿಗೆ. ಬೆನ್ನ ಹಿಂದೆ ಕೃಷ್ಣೆ. ಓಡುವವರು ನದಿಗೆ ಬಿದ್ದು ಸತ್ತದ್ದೇ ಹೆಚ್ಚು. ರಾಯನಿಗೆ ಸಿಕ್ಕ ಕೊಳ್ಳೆಯಲ್ಲಿ 400 ದೊಡ್ಡ ಫಿರಂಗಿ, 900 ಫಿರಂಗಿ ಗಾಡಿಗಳಿದ್ದವು.

400 ಫಿರಂಗಿ ಸಿಕ್ಕವಲ್ಲ, ಅವನ್ನು ತಿರುಗಿಸಿ ರಾಯಚೂರಿನ ಗೋಡೆಯ ಮೇಲೆ ಹಾರಿಸಲಿಲ್ಲ ಏಕೆ? ಮತ್ತೆ ಅದೇ ಹಾರೆ, ಗುದ್ದಲಿ. ಗೆದ್ದವರು ಏನನ್ನೂ ಕಲಿಯಲಿಲ್ಲ, ಸೋತವರು ಕಲಿತರು ಎಂದು ಕೆಲವು ಇತಿಹಾಸಕಾರರು ವಾದಿಸುವುದು ಇದಕ್ಕೇ. ಶಾಸನದವರು ಹೇಳಿದ 1549ರ ಹೊರಗೋಡೆ ಆ ಪಾಠದ ಫಲ. ಫಿರಂಗಿ ಏರಿಸಿ ಸುತ್ತಲೂ ತಿರುಗಿಸಲು ಬರುವಂಥ ದುಂಡು ಬುರುಜುಗಳು ಬಿಜಾಪುರದ ಕೋಟೆಗಳಲ್ಲಿ ಎದ್ದದ್ದು 1520ರ ನಂತರ. ರಾಯಚೂರು ಕೋಟೆಯ ಬಾಲಾ ಹಿಸ್ಸಾರ್ ಗುಡ್ಡದ ಮೇಲೆ ಈಗಲೂ ಬಿದ್ದಿರುವ 20 ಅಡಿಯ ತೋಪನ್ನು ನೋಡಿ ಬನ್ನಿ.

ಕೃಷ್ಣಾತೀರ:

ಕದನದ ವಿವರವನ್ನು ನನಗಿಂತ ಚೆನ್ನಾಗಿ ಹೇಳಿದಿರಿ. ಆದರೆ ನೋಡಿ, ನೀವು ಬರೆದ ದೊಡ್ಡ ಪ್ಯಾರಾಗಳೆರಡೂ ಗೋಡೆಯಿಂದ ಬಹುದೂರದ ಬಯಲಿನದು. ನಾನು ಹೇಳಿದ್ದೂ ಅದನ್ನೇ!

ಫೆರಿಸ್ತಾ ಈ ಸೋಲನ್ನು ಹೇಳುವ ರೀತಿ ಬೇರೆ. ಅವನ ಪ್ರಕಾರ ಇಸ್ಮಾಯಿಲ್ ನದಿಯ ದಂಡೆಯಲ್ಲಿ ಮದ್ಯ ಕುಡಿದ ಉಮೇದಿನಲ್ಲಿ, ಸರಿಯಾದ ಸಿದ್ಧತೆಯಿಲ್ಲದೆ ಕೃಷ್ಣೆಗೆ ಇಳಿದ. ಆಸ್ಥಾನದ ಇತಿಹಾಸಕಾರನಿಗೆ ರಾಯನ ಉಂಗುರಕ್ಕಿಂತ ಸುಲ್ತಾನನ ಬಟ್ಟಲನ್ನು ದೂರುವುದು ಸುಲಭ.

ಮಸ್ಕತ್ ಮನೆ:

ಇಷ್ಟು ದಿನ ಓದುತ್ತಿದ್ದೆ, ಈಗ ಒಂದು ಮಾತು. ಮೊಘಲರೂ ಇರಾನಿನ ಸಫಾವಿದರೂ ಕಂದಹಾರಕ್ಕಾಗಿ ಆಡಿದ ಆಟವನ್ನು ಪಕ್ಕದಲ್ಲಿಟ್ಟು ನೋಡಿ. 1649ರ ಫೆಬ್ರವರಿಯಲ್ಲಿ ಇಮ್ಮಡಿ ಶಾ ಅಬ್ಬಾಸ್ ಕಂದಹಾರ ಹಿಡಿದ. ಚಳಿಗಾಲವನ್ನೇ ಆರಿಸಿಕೊಂಡದ್ದು ಹಿಮದಲ್ಲಿ ಹಿಂದುಸ್ತಾನದಿಂದ ಸೈನ್ಯ ಬರಲಾರದು ಎಂಬ ಲೆಕ್ಕದಿಂದ. ಔರಂಗಜೇಬ ಬಂದು ತಲುಪಿದ್ದು ಮೇ ತಿಂಗಳಲ್ಲಿ. ಆಮೇಲೆ ಮೊಘಲರು 1649, 1652, 1653ರಲ್ಲಿ ಮೂರು ಸಲ ಮುತ್ತಿಗೆ ಹಾಕಿದರು, ಕೊನೆಯದಕ್ಕೆ ದಾರಾ ಶಿಕೋ ಮುಂದಾಳು. ಮೂರೂ ವಿಫಲ. ಇದು ಕೃಷ್ಣಾತೀರ ಅವರ ಕಡೆಗೆ.

ಅವರಿಗೆ ವಿರುದ್ಧವಾದದ್ದೂ ಅಲ್ಲೇ ಇದೆ. 1638ರಲ್ಲಿ ಅದೇ ಕಂದಹಾರವನ್ನು ಇರಾನಿನ ಅಧಿಕಾರಿ ಅಲಿ ಮರ್ದಾನ್ ಖಾನ್ ತಾನಾಗಿ ಶಾ ಜಹಾನನಿಗೆ ಒಪ್ಪಿಸಿದ. ಅವನಿಗೆ ಹೊರಗಿನ ಶತ್ರುವಿಗಿಂತ ತನ್ನ ದೊರೆ ಶಾ ಸಫಿಯ ಭಯವೇ ದೊಡ್ಡದಿತ್ತು. ಬಿಡಿಸುವ ಸೈನ್ಯ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ಅಲ್ಲಿ ಏಳಲೇ ಇಲ್ಲ. ಬಂದಿದ್ದರೆ ಮೊದಲು ಅವನ ತಲೆಯನ್ನೇ ಕೇಳುತ್ತಿತ್ತು.

ಕೃಷ್ಣಾತೀರ:

ಅಲಿ ಮರ್ದಾನ್ ಖಾನನ ಉದಾಹರಣೆ ನನ್ನ ಸೂತ್ರದಲ್ಲಿ ಕೂರುವುದಿಲ್ಲ, ಕೂರಿಸಲು ಹೋಗುವುದೂ ಇಲ್ಲ. ರಾಯಚೂರಿನ ಮಟ್ಟಿಗೆ ಮಾತ್ರ ನನ್ನ ಮಾತು ನಿಲ್ಲುತ್ತದೆ.

ಸಿಂಧನೂರಿನವಳು:

ಗೋಡೆ, ಬಯಲು, ಫಿರಂಗಿ ಎಲ್ಲ ಆಯಿತು. ಒಳಗಿದ್ದ ಊರಿನವರ ಗತಿ? ಮೂರು ತಿಂಗಳು ಗೋಡೆಯ ಸದ್ದು ಕೇಳುತ್ತಾ ಕುಳಿತ ನೇಕಾರರು, ಎಣ್ಣೆ ಗಾಣದವರು, ಬಾಣಂತಿಯರು?

ಹಂಪಿಯ ಹಾದಿ:

ನ್ಯೂನಿಜ್ ಸ್ವಲ್ಪ ಹೇಳುತ್ತಾನೆ. ಬಾಗಿಲು ತೆರೆದು ಶರಣು ಬಂದವರಿಗೆ ರಾಯ ಅಭಯ ಕೊಟ್ಟ. ಆಸ್ತಿ ನಿಮ್ಮದೇ, ಇರುವವರು ಇರಬಹುದು, ಹೋಗುವವರು ಹೋಗಬಹುದು ಎಂದ. ಆದರೂ ಸೈನಿಕರಲ್ಲಿ ಕೆಲವರು ಲೂಟಿಗೆ ಇಳಿದರು, ಅದು ತಿಳಿದು ರಾಯ ಸಿಟ್ಟಾದ. ನಂಬಬಹುದಾದದ್ದು ಎರಡೂ. ಅದರಾಚೆ ಬಾಣಂತಿಯರ ಬಗ್ಗೆ ಕುದುರೆ ವ್ಯಾಪಾರಿಯೂ ಬರೆಯಲಿಲ್ಲ, ಆಸ್ಥಾನದ ಪಂಡಿತನೂ ಬರೆಯಲಿಲ್ಲ.

ಮಸ್ಕಿ ಮಳೆ:

ಸಲಾಬತ್ ಖಾನ್ ಏನಾದ? 500 ಪೋರ್ಚುಗೀಸರನ್ನು ಕಟ್ಟಿಕೊಂಡಿದ್ದವನು.

ಹಂಪಿಯ ಹಾದಿ:

ಇಡೀ ಕಥೆಯಲ್ಲಿ ಅತ್ಯಂತ ಕೊಳಕು ಭಾಗ ಅದು. ಕದನದಲ್ಲಿ ಕೊನೆಯವರೆಗೂ ನಿಂತು ಹೋರಾಡಿ ಸೆರೆಯಾದ. ಅದೇ ಹೊತ್ತಿಗೆ ಸುಲ್ತಾನನನ್ನು ಆನೆಯ ಮೇಲೆ ಕೂರಿಸಿ ಓಡಿಸಿಕೊಂಡು ಹೋದವನು ಅಸದ್ ಖಾನ್, ಬೆಳಗಾವಿ ಕೋಟೆಯ ಸಫಾ ಮಸೀದಿಯನ್ನು ಕಟ್ಟಿಸಿದವನು.

ಯುದ್ಧವಾದ ಮೇಲೆ ಬಿಜಾಪುರದ ರಾಯಭಾರಿ ಸಂಧಿ ಕೇಳಲು ಬಂದ. ತಿಂಗಳು ಕಾಯಿಸಿ ರಾಯ ಕೊಟ್ಟ ಉತ್ತರ: ಆದಿಲ್ ಶಾ ಬಂದು ನನ್ನ ಪಾದ ಚುಂಬಿಸಲಿ, ಎಲ್ಲವನ್ನೂ ಹಿಂದಿರುಗಿಸುತ್ತೇನೆ. ಅದಕ್ಕಾಗಿ ಗಡಿಯ ಮುದಗಲ್ಲಿಗೇ ಹೋಗಿ ಕಾದ. ಸುಲ್ತಾನ ಬರಲಿಲ್ಲ. ಬರುತ್ತಾನೆ ಎಂದು ನಂಬಿಸುತ್ತಾ, ಕೊನೆಗೆ ತಾನೇ ರಾಯನ ಮುಂದೆ ಬಂದವನು ಅಸದ್ ಖಾನ್. ನಮ್ಮ ಸುಲ್ತಾನ ಬಾರದಿರಲು ಕಾರಣ ನಿಮ್ಮ ಸೆರೆಯಲ್ಲಿರುವ ಸಲಾಬತ್ ಖಾನ್, ಬರಬೇಡ ಎಂದು ಬರೆದು ಕಳುಹಿಸುತ್ತಿರುವವನು ಅವನೇ ಎಂದು ಚಾಡಿ ಹೇಳಿದ. ರಾಯ ಸಲಾಬತ್ ಖಾನನ ತಲೆ ತೆಗೆಸಿದ. ಅಸದ್ ಖಾನ್ ಉಪಾಯವಾಗಿ ಜಾರಿಕೊಂಡ. ತನ್ನ ಪ್ರತಿಸ್ಪರ್ಧಿಯನ್ನು ಶತ್ರುವಿನ ಕೈಯಿಂದಲೇ ಮುಗಿಸಿ, 1549ರವರೆಗೆ ಬಾಳಿದ.

ಇಸ್ಮಾಯಿಲ್ ಮಾತ್ರ ರಾಯಚೂರು, ಮುದಗಲ್ಲು ತಿರುಗಿ ಸಿಗುವವರೆಗೂ ಮದ್ಯ ಮುಟ್ಟುವುದಿಲ್ಲ ಎಂದು ಪಣ ತೊಟ್ಟನಂತೆ. 1530ರಲ್ಲಿ ಎರಡೂ ಸಿಕ್ಕ ಮೇಲೆ ಅಮೀರರನ್ನು ಕರೆದು ಔತಣವಿಟ್ಟು ಕುಡಿದ ಎಂದು ಫೆರಿಸ್ತಾ ಬರೆಯುತ್ತಾನೆ.

ಮದ್ದುಗುಂಡು:

ಆ ಔತಣದ ಬಗ್ಗೆ ನನ್ನ ತಕರಾರಿಲ್ಲ. ಮೊದಲ ದಿನದ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ: ಮೇ 19ಕ್ಕೇ ಆಸೆ ಸತ್ತಿದ್ದರೆ ಕಿಲ್ಲೇದಾರ ಗೋಡೆಯ ಮೇಲೆ ಏನು ಮಾಡುತ್ತಿದ್ದ?

ಕೃಷ್ಣಾತೀರ:

ಸುಲ್ತಾನ ಬದುಕಿದ್ದ, ಇನ್ನೊಂದು ದಂಡು ಕಟ್ಟಬಹುದಿತ್ತು. ಕಿಲ್ಲೇದಾರ ಅಷ್ಟು ದಿನ ತಡೆದ. ನಂಬಿಕೆ ಇದ್ದದ್ದು ಅವನೊಬ್ಬನಿಗೆ ಎಂದು ಕಾಣುತ್ತದೆ, ಇಲ್ಲದಿದ್ದರೆ ಅವನು ಬಿದ್ದ ಮಾರನೆಯ ದಿನವೇ ಬಾವುಟ ಏಳುತ್ತಿರಲಿಲ್ಲ.

ಮದ್ದುಗುಂಡು:

ಹಾಗಾದರೆ ಆ ಒಂದು ಗುಂಡಿಗೆ ಅರ್ಧ ಪಾಲು ಕೊಡಿ, ನಾನು ಸುಮ್ಮನಾಗುತ್ತೇನೆ. ಮುದಗಲ್ಲಿನ ಬುರುಜುಗಳ ಬಗ್ಗೆ ಬೇರೆ ಚರ್ಚೆ ಆರಂಭಿಸುತ್ತೇನೆ, ಶಾಸನದವರು ಬಿಜಾಪುರ ಕಾಲದ ಶಾಸನಗಳ ಪಟ್ಟಿ ಇದ್ದರೆ ಅಲ್ಲಿ ಹಾಕಿ.